ಕೋರಿಕೆ ನಿಲುಗಡೆ

ಕುಷ್ಟಗಿಯಲ್ಲಿ ಊರವರೇ ಸೇರಿ ಕೆರೆ ಸುತ್ತ ನಡಿಗೆಯ ಹಾದಿ ಕಟ್ಟುತ್ತಿದ್ದರೆ, ನಿವೃತ್ತ ಬಸ್ ಕಂಡಕ್ಟರ್ ಓಬಳೆಪ್ಪನವರಿಗೆ ಅದೂ ಒಂದು ರೂಟು. ರವಿವಾರ ಬೆಳಿಗ್ಗೆ ಸಲಿಕೆ ಮರೆತರೂ ಸೀಟಿ ಮರೆಯುವುದಿಲ್ಲ. ಮಣ್ಣಿನ ಬುಟ್ಟಿ ಹೊತ್ತವರು ಗುಂಪುಗೂಡಿದರೆ "ಮುಂದ ಹೋಗ್ರಿ, ಮುಂದ ಭಾಳ ಜಾಗ ಐತಿ!" ಎಂದು ಗದರುತ್ತಾರೆ, ಚಹಾ ಬಂದರೆ "ಹೋಲ್ಡಾನ್!", ಕುಡಿದಾದರೆ "ರೈಟ್!" ನಲವತ್ತು ಹೆಜ್ಜೆಗೊಂದು ಕಲ್ಲುಬೆಂಚು ಹಾಕಿಸಿ, ಮೇಲೆ "ಕೋರಿಕೆ ನಿಲುಗಡೆ" ಎಂದು ಬರೆದಿದ್ದಾರೆ. "ಇದು ಅಡ್ಡಾಡೋ ಹಾದಿನೋ, ಕುಂದ್ರೋ ಹಾದಿನೋ ಕಾಕಾ?" ಎಂದು ಸುರೇಖಾ ಟೀಚರ್ ನಕ್ಕರೆ, "ನಮ್ಮದು ಎಕ್ಸ್‌ಪ್ರೆಸ್ ಅಲ್ಲವ್ವಾ, ಎಲ್ಲಾ ಕಡೆ ನಿಲ್ತೈತಿ" ಎನ್ನುತ್ತಾರೆ. ಲಕ್ವಾ ಹೊಡೆದ ಹೆಂಡತಿ ಫಕೀರಮ್ಮ ಒಂದು ದಮ್ಮಿಗೆ ನಡೆಯುವುದು ನಲವತ್ತೇ ಹೆಜ್ಜೆ. ಹಾದಿ ಮುಗಿದ ದಿನ ಆಕೆ ಮೊದಲ ಬೆಂಚಿನಲ್ಲಿ ಕೂತು ಸುಧಾರಿಸಿಕೊಂಡರು. ಓಬಳೆಪ್ಪನವರು ಸೀಟಿಯನ್ನು ಜೇಬಿಗಿಳಿಸಿ ಪಕ್ಕದಲ್ಲೇ ಕೂತುಬಿಟ್ಟರು. ಕೊನೆಗೆ ಫಕೀರಮ್ಮನೇ ಎದ್ದು ಅಂದರು: "ರೈಟ್!"