ಎದ್ದೇಳಕ್ಕನ ಮೇಲಿನ ದೂರುಗಳು

ನಮ್ಮ ವೃದ್ಧಾಶ್ರಮದಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಎದ್ದೇಳಕ್ಕ. ಬೆಳಿಗ್ಗೆ ಆರಕ್ಕೆ ಕೋಣೆ ಕೋಣೆಯ ಪರದೆ ಸರಿಸಿ "ಏಳಿ, ಎದ್ದೇಳಿ, ಮಲಗಿದ್ದು ಸಾಕು" ಎನ್ನುತ್ತಾ ಹೊರಟಳೆಂದರೆ, ಕಾಲಲ್ಲಿ ಬಲವಿಲ್ಲದವರೂ ಎದ್ದು ಓಡಿಬಿಡೋಣ ಅಂದುಕೊಳ್ಳಬೇಕು. ನಾನು ಇಲ್ಲಿ ಬಟ್ಟೆ ಒಗೆಯುವವನು. ಯಾರು ಹೇಗೆ ಮಲಗಿದ್ದರೆಂದು ಹಾಸಿಗೆ ಬಟ್ಟೆ ನೋಡಿ ಹೇಳಬಲ್ಲೆ. ಅವಳ ಪಾಲಿನ ಹನ್ನೊಂದು ಹಾಸಿಗೆಗಳಿಂದ ಹುಣ್ಣಿನ ಕಲೆ ಒಂದೂ ನನ್ನ ಯಂತ್ರಕ್ಕೆ ಬಂದಿಲ್ಲ. ಮಲಗಿದಲ್ಲೇ ಬೆನ್ನು ಹುಣ್ಣಾಗಬೇಕಾದರೆ ಅವಳು ಮಲಗಲು ಬಿಡಬೇಕಲ್ಲ!

ಗಂಡ, ಮಗಳ ಜೊತೆ ಅವಳು ಈ ದೇಶಕ್ಕೆ ಬಂದು ಆರು ವರ್ಷ. ಮಗಳಿಗೆ ಈಗ ಶಾಲೆಯ ಕೊನೆಯ ವರ್ಷ. ಅಷ್ಟರಲ್ಲಿ ಸರ್ಕಾರ ವೀಸಾ ನಿಯಮ ಬದಲಿಸಿತು. ಹೊರದೇಶದಿಂದ ಬಂದ ಆರೈಕೆಯವರಲ್ಲಿ ಹಿರಿಯ ದರ್ಜೆಯವರಿಗೆ ಮಾತ್ರ ಇನ್ನು ವೀಸಾ ಮುಂದುವರಿಯುವುದು. ಹಿರಿಯರೆಂದರೆ ವ್ಯಾಯಾಮ ಮಾಡಿಸುವವರು, ನಡೆಯಲು ಕಲಿಸುವವರು, ಹೊಸಬರನ್ನು ತಿದ್ದುವವರು. ಅದನ್ನೆಲ್ಲ ಮಾಡಿದ್ದಕ್ಕೆ ತಾರೀಖಿನ ಸಮೇತ ಬರವಣಿಗೆಯ ಪುರಾವೆ ಬೇಕು. ಇಲ್ಲದವರು ಅರವತ್ತು ದಿನದಲ್ಲಿ ಸಂಸಾರ ಸಮೇತ ಗಂಟುಮೂಟೆ ಕಟ್ಟಬೇಕು.

ಎದ್ದೇಳಕ್ಕ ನಕ್ಕುಬಿಟ್ಟಳು. "ಇಷ್ಟೇನಾ? ನಾನು ಮಾಡದೇ ಇರೋ ಕೆಲಸ ಯಾವುದಿದೆ ಇಲ್ಲಿ!"

ಮ್ಯಾನೇಜರಮ್ಮ ಕೆಲಸದ ದಿನಚರಿಗಳನ್ನು ತೆಗೆದರು. ಪ್ರತಿದಿನ ಕೆಲಸ ಮುಗಿಸುವ ಮುನ್ನ, ಮಾಡಿದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಆರು ವರ್ಷದ ಉದ್ದಕ್ಕೂ ಎದ್ದೇಳಕ್ಕನ ದುಂಡು ಅಕ್ಷರದಲ್ಲಿ ಇದ್ದದ್ದು ಒಂದೇ ಸಾಲು: "ಎಲ್ಲರೂ ಚೆನ್ನಾಗಿದ್ದಾರೆ."

"ಏನ್ರೀ ಇದು? ನೀವು ಏನೇನು ಮಾಡಿದ್ರಿ ಅಂತ ಬರೀಬೇಕಲ್ವಾ?"

"ಚೆನ್ನಾಗಿದ್ರಲ್ಲ ಮೇಡಂ! ನಾನು ಎತ್ತಿದೆ, ನಾನು ನಡೆಸಿದೆ, ನಾನು ಕಲಿಸಿದೆ ಅಂತ ಬರ್ಕೊಂಡ್ರೆ ನನ್ನ ಬೆನ್ನು ನಾನೇ ತಟ್ಕೊಂಡ ಹಾಗಲ್ವಾ?"

ಮ್ಯಾನೇಜರಮ್ಮ ದನಿ ಏರಿಸಲು ಬಾಯಿ ತೆರೆದವರು, ಪ್ರತಿ ಪುಟದ ಕೆಳಗೂ ತಮ್ಮದೇ ಸಹಿ ಇರುವುದನ್ನು ಕಂಡು ಬಾಯಿ ಮುಚ್ಚಿಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ತುಂಬಿದ ಕೊಡ ತುಳುಕುವುದಿಲ್ಲ, ಸರಿ. ಆದರೆ ವೀಸಾ ಕಚೇರಿಯವರು ಬಂದು ಕೊಡದೊಳಗೆ ಇಣುಕಿ ನೋಡುತ್ತಾರೆಯೇ?

"ಈಗಲೇ ಕೂತು ಹಿಂದಿನದನ್ನೆಲ್ಲ ಬರೆದುಬಿಡಕ್ಕ" ಅಂದೆ.

"ಸುಳ್ಳು ತಾರೀಖು ಹಾಕಿ ಬರೀಲಾ? ನಿನ್ನ ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿದೆ?" ಎಂದು ನನ್ನನ್ನೇ ಬೈದಳು. ಬೈಗುಳದಲ್ಲಿ ಮೊದಲಿನ ಖಾರ ಇರಲಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲವಂತೆ. ಹುಡುಗಿ ಪರೀಕ್ಷೆಗೆ ಓದುತ್ತಿದ್ದಾಳೆ, ಹೇಗೆ ಹೇಳುವುದು ಅಂದಳು. ಆ ವಾರವಿಡೀ ಅವಳು ಸದ್ದಿಲ್ಲದೆ ಪರದೆ ಸರಿಸಿದಳು. ಕಾರಿಡಾರು ಬಿಕೋ ಅನ್ನುತ್ತಿತ್ತು.

ಏಳನೇ ಕೋಣೆಯಲ್ಲಿ ಸ್ಟೇಷನ್ ಮಾಸ್ಟರ್ ಅಜ್ಜ ಇದ್ದಾರೆ. ತೊಂಬತ್ತೊಂದು ವರ್ಷ. ರೈಲು ಬಿಟ್ಟು ಮೂವತ್ತು ವರ್ಷವಾದರೂ ರೈಲಿನ ವೇಳೆ ಅವರನ್ನು ಬಿಟ್ಟಿಲ್ಲ. ಸೀನಿದರೂ ಗಡಿಯಾರ ನೋಡುತ್ತಾರೆ. ಅವರಿಗಿರುವ ಒಂದೇ ಹವ್ಯಾಸ ದೂರು ಕೊಡುವುದು. ಇಲ್ಲಿರುವವರು ಕೊಟ್ಟ ದೂರನ್ನು ಎಸೆಯುವಂತಿಲ್ಲ. ಸಂಖ್ಯೆ ಹಾಕಿ, ಯಾರ ಮೇಲಿನ ದೂರೆಂದು ಹೆಸರು ಬರೆದು, ಮ್ಯಾನೇಜರ್ ಸಹಿ ಮಾಡಿ, ರಿಜಿಸ್ಟರಿನಲ್ಲಿ ಉಳಿಸಬೇಕು. ಮ್ಯಾನೇಜರಮ್ಮ ಅಜ್ಜನ ದೂರುಗಳನ್ನು ಓದುವುದು ಬಿಟ್ಟು ಯಾವ ಕಾಲವಾಯಿತೋ. ಆ ಶುಕ್ರವಾರ ಸಹಿ ಹಾಕಲು ಹೋದವರ ಪೆನ್ನು ನಿಂತಿತು. ದೂರು ಹೀಗಿತ್ತು:

"ಬೆಳಿಗ್ಗೆ 6.10. ಈಕೆ ಬಂದಳು, ಬೈಯಲಿಲ್ಲ. 10.40ಕ್ಕೆ ಹನ್ನೆರಡು ಹೆಜ್ಜೆ ನಡೆಸಬೇಕಾದವಳು ಎಂಟಕ್ಕೇ ಬಿಟ್ಟಳು. ಇದಕ್ಕೆ ಯಾರು ಹೊಣೆ?"

ಹನ್ನೆರಡು ಯಾವಾಗಿನಿಂದ ಎಂದು ಮ್ಯಾನೇಜರಮ್ಮ ಹಿಂದಿನ ಪುಟ ತಿರುವಿದರು. ತಿರುವುತ್ತಲೇ ಹೋದರು. "10.40. ಹತ್ತು ಹೆಜ್ಜೆ ಸಾಕೆಂದರೂ ಕೇಳದೆ ಈಕೆ ಹನ್ನೆರಡು ಹಾಕಿಸಿದಳು." "4.15. ನನ್ನ ಎಡ ಮೊಣಕಾಲನ್ನು ಇಪ್ಪತ್ತು ಸಲ ಮಡಿಸಿದಳು. ಅದೇನು ಕೊಡೆಯೇ?" "11.05. ಹೊಸ ಹುಡುಗಿ ನನ್ನ ತೋಳು ಹಿಡಿದದ್ದು ತಪ್ಪೆಂದು ಈಕೆ ನಾಲ್ಕು ಸಲ ಹಿಡಿದು ತೋರಿಸಿದಳು. ತೋಳು ನನ್ನದು, ಪಾಠ ಅವರದು."

ನಾಲ್ಕು ವರ್ಷ, ಸಾವಿರದ ಇನ್ನೂರಕ್ಕೂ ಹೆಚ್ಚು ದೂರು, ಒಂದೊಂದಕ್ಕೂ ತಾರೀಖು, ನಿಮಿಷ, ಸಹಿ. ಮ್ಯಾನೇಜರಮ್ಮ ರಿಜಿಸ್ಟರನ್ನು ಎದೆಗವಚಿಕೊಂಡು ನನ್ನ ಕೋಣೆಯವರೆಗೂ ಓಡಿ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಇಬ್ಬರೂ ಸೇರಿ ಮಧ್ಯಾಹ್ನವಿಡೀ ಜೆರಾಕ್ಸ್ ತೆಗೆದು ವೀಸಾ ಕಚೇರಿಗೆ ಕಳಿಸಿದೆವು. ಕೆಲಸ ಉಳಿಸಿಕೊಳ್ಳಲು ಜನ ಶಿಫಾರಸು ಪತ್ರ ಹಿಡಿದು ಅಲೆಯುತ್ತಾರೆ. ನಮ್ಮ ಎದ್ದೇಳಕ್ಕ ಕಳಿಸಿದ್ದು ಒಂದು ಮೂಟೆ ಬೈಗುಳ.

ಐದು ವಾರ ಕಳೆದ ಮೇಲೆ ಉತ್ತರ ಬಂತು. ಹಿರಿಯ ದರ್ಜೆ ಒಪ್ಪಿಗೆಯಾಗಿತ್ತು. ಅವಳು ಮೊದಲು ಮಗಳಿಗೆ ಫೋನ್ ಮಾಡಿ, ಎಲ್ಲ ಒಟ್ಟಿಗೆ ಹೇಳಿ, ಅತ್ತು, ಮೂಗು ಒರೆಸಿಕೊಂಡು ಸೀದಾ ಏಳನೇ ಕೋಣೆಗೆ ನಡೆದಳು. ಒಗೆದ ಹಾಸಿಗೆ ಬಟ್ಟೆ ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ. ವಿಷಯ ಕೇಳಿ ಅಜ್ಜನಿಗೆ ಸಿಟ್ಟೇ ಬಂತು.

"ಅಂದ್ರೆ, ನಾನು ನಿನ್ನ ಹೊಗಳಿದ್ರೆ ಕಳಿಸಿಬಿಡ್ತಿದ್ರಾ?"

"ಒಳ್ಳೆಯವಳು ಅಂತ ಒಂದೇ ಸಾಲು ಬರೆದಿದ್ರೆ ಅಷ್ಟೇ ಆಗಿತ್ತು ಅಜ್ಜ, ನನ್ನ ಕಥೆ."

"ಎಷ್ಟು ವರ್ಷಕ್ಕೆ ಕೊಟ್ರು?"

"ಮೂರು."

ಅಜ್ಜ ಕಿಟಕಿಯತ್ತ ತಿರುಗಿದರು. ತುಟಿ ಅಲ್ಲಾಡುತ್ತಿತ್ತು, ಏನೋ ಲೆಕ್ಕ ಹಾಕುತ್ತಿದ್ದರು.

"ಸಾಕು ಬಿಡು" ಎಂದರು. "ನನಗೆ ಅಷ್ಟು ಸಾಕು."

ಎದ್ದೇಳಕ್ಕ ಅಜ್ಜನ ಹಾಸಿಗೆಯ ಅಂಚಿನಲ್ಲಿ ಮೆಲ್ಲನೆ ಕೂತುಬಿಟ್ಟಳು. ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದನ್ನು ನಾನು ಆರು ವರ್ಷದಲ್ಲಿ ಕಂಡಿರಲಿಲ್ಲ.