ಜಾರಿದರೆ ಕೂತುಬಿಡು

ಬೇರೆಯವರ ವಾಂತಿ ತೊಳೆದೂ ತೊಳೆದೂ ನನಗೆ ಹಾರುವ ಆಸೆ ಹುಟ್ಟಿತು. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ, ಅವರೇನು ಬಂದು ತೊಳೆದಿದ್ದರಾ?

ವನಗೂರಿನ ಕಡೆ ಜೀಪು ಓಡಿಸುವವಳು ನಾನು. ಗುಡ್ಡದ ಮೇಲೆ ಪ್ಯಾರಾಗ್ಲೈಡಿಂಗ್ ಕಲಿಸುವ ಶಾಲೆಯೊಂದು ಶುರುವಾದ ಮೇಲೆ, ಹಾರೋ ಮಂದಿಯನ್ನು ಮೇಲಕ್ಕೆ ಹತ್ತಿಸೋದು, ಕೆಳಗೆ ಗದ್ದೆಯಲ್ಲಿ ಇಳಿದವರನ್ನು ತುಂಬಿಕೊಂಡು ಬರೋದು ನನ್ನ ಕೆಲಸವಾಯಿತು. ಊರಿನವರ ಬಾಯಲ್ಲಿ ಆ ಹಾರುವ ರೆಕ್ಕೆ ಛತ್ರಿ, ನನ್ನದು ಛತ್ರಿ ಜೀಪು. ಬರುವವರೋ, ಹೋಂಸ್ಟೇಯಲ್ಲಿ ಬೆಳಗ್ಗೆಯೇ ಹೊಟ್ಟೆ ಬಿರಿಯ ಕಡುಬು, ಕೋಳಿಸಾರು ಹೊಡೆದು ಬರುತ್ತಾರೆ. ಆ ರಸ್ತೆಯ ತಿರುವುಗಳಿಗೆ ಅರ್ಧ ಕಕ್ಕುತ್ತಾರೆ, ಹಾರಿ ಇಳಿದ ಮೇಲೆ ಉಳಿದರ್ಧ. ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಕಡುಬಿನ ಚೂರನ್ನು ಕಡ್ಡಿ ಹಾಕಿ ಕೆದಕಿ ತೆಗೆದವಳಿಗೆ ಗೊತ್ತು ಅದರ ಗತಿ. ಥೂ! ಮನೆಗೆ ಹೋಗಿ ಸೋಪು ಹಾಕಿ ತಿಕ್ಕಿದರೂ ಊಟಕ್ಕೆ ಕೂತಾಗ ಬೆರಳಿಂದ ಅದೇ ವಾಸನೆ. ಕಡುಬು ತಿನ್ನೋದನ್ನೇ ಬಿಟ್ಟುಬಿಟ್ಟೆ.

ಕಲಿಸುವ ಮೇಷ್ಟ್ರು ಕರಾವಳಿ ಕಡೆಯವರು. ಕೆಲಸದಲ್ಲಿ ನಿಯತ್ತಿನ ಮನುಷ್ಯ, ಆದರೆ ಬಾಯಿ ತುಂಬ ಯಾವಾಗಲೂ ಗುಟ್ಕಾ. ಒಂದು ದಿನ ಬಕೆಟ್ಟು, ಫಿನಾಯಿಲ್ ಇಟ್ಟುಕೊಂಡು ನಾನು ಬೈಯುತ್ತಾ ಜೀಪು ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತರು.

"ಎಂಥ ಬೈಗುಳ ಮಾರಾಯ್ತಿ ನಿಮ್ಮದು! ನೀವು ಹಾರೋದು ಕಲೀರಿ. ಈ ಸೀಸನ್ ಮುಗಿಯೋದರೊಳಗೆ ಒಬ್ಬರೇ ಒಂದು ಸಲ ಸರಿಯಾಗಿ ಹಾರಿ ಇಳಿದರೆ ಸಾಕು, ಮುಂದಿನ ಸೀಸನ್ನಿಗೆ ನೀವು ಮೇಲೆ ನನ್ನ ಜೊತೆ ಕೆಲಸಕ್ಕೆ. ಜೀಪಿಗೆ ಬೇರೆಯವರು ಬರ್ತಾರೆ."

"ಆಗದಿದ್ದರೆ?"

"ಬಕೆಟ್ಟು ಉಂಟಲ್ಲ," ಅಂದು ಪಿಚಕ್ಕನೆ ಉಗಿದರು. ನಾನು ತೊಳೆದ ಚಕ್ರದ ಪಕ್ಕದಲ್ಲೇ.

ಹಾರೋದು ಅಂದರೆ ಮೋಡ, ತಂಗಾಳಿ ಅಂದುಕೊಂಡಿದ್ದೆ. ನನ್ನ ಪಾಲಿಗೆ ಬಂದದ್ದು ಹೆಲ್ಮೆಟ್ಟು. ಊರೂರಿನವರ ತಲೆಬೆವರು, ಹಳಸಿದ ಎಣ್ಣೆ, ಯಾರದೋ ಸೆಂಟು, ಎಲ್ಲ ಸೇರಿ ಅದರ ಒಳಗಿನ ಸ್ಪಂಜು ಅಂಟಂಟಾಗಿತ್ತು. ಅದನ್ನು ತಲೆಗೆ ಹಾಕಿಕೊಳ್ಳುವಾಗೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ. ಹುಲ್ಲಿನ ಗುಡ್ಡದಲ್ಲಿ ದನ ಮೇಯುವುದರಿಂದ ಕಾಲಿಟ್ಟಲ್ಲಿ ಸಗಣಿ, ಕೂತಲ್ಲಿ ಉಣ್ಣಿ. ರಾತ್ರಿ ಅವ್ವ ನನ್ನ ಬೆನ್ನಿನಿಂದ ಉಣ್ಣಿ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕುತ್ತಾ, "ದನಕ್ಕೂ ನಿಂಗೂ ಏನು ವ್ಯತ್ಯಾಸ ಐತೆ ಹೇಳು" ಅನ್ನೋಳು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನನ್ನ ಅಂಡು.

ಹಾರುವ ರೀತಿ ಹೀಗೆ: ಬೆನ್ನ ಹಿಂದೆ ಹುಲ್ಲಿನ ಮೇಲೆ ಬಟ್ಟೆಯ ರೆಕ್ಕೆ ಹಾಸಿರುತ್ತಾರೆ. ಎಳೆದರೆ ಗಾಳಿ ತುಂಬಿಕೊಂಡು ತಲೆಯ ಮೇಲೆ ಬಂದು ನಿಲ್ಲುತ್ತೆ. ಆಮೇಲೆ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿ ಓಡಬೇಕು, ಕಾಲು ನೆಲ ಬಿಟ್ಟ ಮೇಲೂ ಓಡುತ್ತಲೇ ಇರಬೇಕು. ಪೇಟೆಯಿಂದ ಬಂದವರು, ಜನ್ಮದಲ್ಲಿ ಗುಡ್ಡ ಕಾಣದವರು, ಓಡಿ ಹಾರಿ ಹೋಗುತ್ತಿದ್ದರು. ಗುಡ್ಡದಲ್ಲೇ ಹುಟ್ಟಿದ ನಾನು ಮಾತ್ರ ಕಾಲಡಿ ಒಂಚೂರು ಸಡಿಲವಾದ ಕೂಡಲೇ ಪಟ್ಟನೆ ಕೂತುಬಿಡುತ್ತಿದ್ದೆ. ಕೂತರೆ ರೆಕ್ಕೆ ಸುಮ್ಮನಿರುತ್ತದಾ? ಸಗಣಿ, ಕಲ್ಲು, ಮುಳ್ಳು ನೋಡದೆ ದರದರ ಎಳೆದುಕೊಂಡು ಹೋಗುತ್ತಿತ್ತು.

"ಕೂರ್ಬೇಡಿ ಅಂದ್ರೆ ಕೂರ್ತೀರಲ್ಲ! ಅದೆಂಥ ಕುರ್ಚಿಯಾ?" ಅಂತ ಮೇಷ್ಟ್ರು ಕಿರುಚುತ್ತಿದ್ದರು.

ಅವರಿಗೇನು ಗೊತ್ತು. ಕಾಫಿ ತೋಟದ ಇಳಿಜಾರಿನಲ್ಲಿ ಬೆಳೆದ ಮಕ್ಕಳಿಗೆ ನಡಿಗೆಯ ಜೊತೆಗೇ ಕಲಿಸುವ ಪಾಠ ಅದು: ಹಿಂದಕ್ಕೆ ವಾಲಿ ಹಿಮ್ಮಡಿ ಊರು, ಜಾರಿದರೆ ಕೂತುಬಿಡು. ನಮ್ಮ ಮನೆಯಲ್ಲಿ ಅದು ಪಾಠವಲ್ಲ, ಆಣೆ. ನಾನು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ಕೊಯ್ಲಿನ ನಡುವೆ ಅಕಾಲದ ಮಳೆ ಬಂದು ನೆಲ ಲೋಳೆಯಾಗಿದ್ದಾಗ, ಅಪ್ಪ ಕಾಫಿ ಹಣ್ಣಿನ ಮೂಟೆ ಹೊತ್ತು ಇಳಿಯುತ್ತಾ ಜಾರಿದ. ಮೂಟೆ ಬಿಟ್ಟು ಕೂತಿದ್ದರೆ ಬದುಕುತ್ತಿದ್ದ. ಮೂಟೆ ಚೆಲ್ಲಬಾರದು ಅಂತ ಓಡಿ ಕಾಲು ಸಂಭಾಳಿಸಲು ಹೋದ. ಓಟ ನಿಲ್ಲಲೇ ಇಲ್ಲ, ಕೆಳಗಿನ ಕಲ್ಲುಕಟ್ಟೆಗೆ ಹೋಗಿ ಬಿದ್ದ. ಹಿಂದೆಯೇ ಬರುತ್ತಿದ್ದ ಅವ್ವ ಅದನ್ನು ಕಣ್ಣಾರೆ ಕಂಡಳು. ಅವತ್ತಿನಿಂದ ನಾನು ಇಳಿಜಾರಿನಲ್ಲಿ ಸ್ವಲ್ಪ ಬೇಗ ಹೆಜ್ಜೆ ಹಾಕಿದರೂ ಹಿಂದಿನಿಂದ ಅವಳ ಕೂಗು: "ಓಡ್ಬ್ಯಾಡ! ಜಾರುದ್ರೆ ಕುಂತ್ಬುಡು!" ಆ ಕೂಗು ನನ್ನ ಮೂಳೆಗೆ ಇಳಿದಿದೆ ಅಂತ ಮೇಷ್ಟ್ರಿಗೆ ಹೇಗೆ ಹೇಳಲಿ?

ಚಹಾ ಅಂಗಡಿಯಲ್ಲಿ ಗೇಲಿ ಶುರುವಾಯಿತು. "ಏನಕ್ಕ, ಇವತ್ತೂ ಸಗಣಿ ಬಾಚ್ಕಂಡ್ ಬಂದ್ರಾ? ನಮ್ ಕಣಕ್ಕೂ ಒಸಿ ಸಾರಿಸ್ಕೊಡಿ" ಅಂತ ಒಬ್ಬ. ಮೈಯೆಲ್ಲ ಉರಿದು ಹೋಯಿತು. ಅವನ ಮೇಲಲ್ಲ, ನನ್ನ ಮೇಲೇ. ಪ್ಯಾಂಟಿನ ಹಿಂಭಾಗ ಒಣಗಿದ ಸಗಣಿಯಿಂದ ರಟ್ಟಿನಂತಾಗಿತ್ತು. ಒಗೆದು ಒಗೆದು ನನಗೆ ನನ್ನ ಮೈಯೇ ಹೇಸಿಗೆಯಾಯಿತು.

ಸೀಸನ್ನಿನ ಕೊನೆಯ ದಿನ ಬೆಳಗ್ಗೆ ಜೀಪು ತೆಗೆಯುವಾಗ ಅವ್ವ ಬುತ್ತಿ ಹಿಡಿದು ಮುಂದಿನ ಸೀಟು ಹತ್ತಿದಳು. "ನಾನೂ ಬತ್ತೀನಿ. ಅದೇನ್ ಕಡಿದು ಕಟ್ಟೆ ಹಾಕ್ತೀಯೋ ನೋಡ್ತೀನಿ" ಅಂದಳು. ಜೀಪಿನಿಂದ ಎಳೆದು ಇಳಿಸಲು ಆಗುತ್ತದಾ?

ಗುಡ್ಡದ ಮೇಲೆ ಹಿಂದಿನ ದಿನದ ಜನ ಬಿಟ್ಟು ಹೋದ ತಟ್ಟೆ, ಮೂಳೆ, ನೊಣ. ಅವ್ವ ಮೂಗಿಗೆ ಸೆರಗು ಹಿಡಿದು ನಿಂತು ನೋಡುತ್ತಿದ್ದಳು. ಪೇಟೆಯವರು ಒಬ್ಬೊಬ್ಬರಾಗಿ ಓಡಿ ಹಾರಿ ಹೋದರು. ಆಮೇಲೆ ನಾನು. ರೆಕ್ಕೆ ಮೇಲೆದ್ದಿತು, ಓಡಿದೆ, ಕಾಲಡಿ ಹುಲ್ಲು ಜಾರಿತು. ಕೂತೆ. ರೆಕ್ಕೆ ಎಳೆದುಕೊಂಡು ಹೋಗಿ ಒಂದು ಬಂಡೆಗೆ ಬಡಿಯಿತು. ಮೊಣಕೈ ಸಿಪ್ಪೆ ಸುಲಿದು, ಹಸಿ ಸಗಣಿ ಕುತ್ತಿಗೆಯವರೆಗೂ ಮೆತ್ತಿತ್ತು. ಮೇಷ್ಟ್ರು ಬಂದು ಹಗ್ಗ ಬಿಡಿಸಿದರು, ಬೈಯಲಿಲ್ಲ. ಬೈಯದೇ ಇದ್ದದ್ದಕ್ಕೇ ಹೆಚ್ಚು ನೋವಾಯಿತು.

"ಗಾಳಿ ಕಡಿಮೆ ಆಗ್ತಾ ಉಂಟು. ಇನ್ನೊಂದೇ ಸಲ," ಅಂದರು.

ನಾನು ಮತ್ತೆ ರೆಕ್ಕೆ ಹಾಸುವಾಗ ಅವ್ವ ಅವರನ್ನು ಕೇಳಿದ್ದು ನನಗೆ ಕೇಳಿಸಿತು. "ಏನ್ ಸ್ವಾಮಿ, ಇಲ್ಲಿ ಕುಂತ್ಕಂಡ್ರೆ ತಪ್ಪಾ?"

"ಹೌದಮ್ಮ. ಇಲ್ಲಿ ಕೂತರೇ ಪೆಟ್ಟು. ಅರ್ಧ ಹಾರಿ ಕೂತರೆ ಇನ್ನೂ ಅಪಾಯ. ಓಡಿದರೆ ಮಾತ್ರ ರೆಕ್ಕೆ ಹೊತ್ತುಕೊಳ್ಳೋದು."

ಅವ್ವ ಬುತ್ತಿ ಅವುಚಿಕೊಂಡು ನಾನು ಓಡಬೇಕಾದ ಇಳಿಜಾರನ್ನು ನೋಡಿದಳು.

ರೆಕ್ಕೆ ಎದ್ದಿತು. ಓಡಿದೆ. ಅದೇ ಜಾಗದಲ್ಲಿ ಅದೇ ಹುಲ್ಲು ಜಾರಿತು, ಮೊಣಕಾಲು ಮಡಿಚತೊಡಗಿತು. ಆಗ ಹಿಂದಿನಿಂದ ಆ ಕೂಗು ಬಂತು.

"ಕುಂತ್ಕಬ್ಯಾಡ ಕಣೇ! ಓಡು! ಓಡೇ!"

ಅವ್ವನ ಗಂಟಲು ಒಡೆದು ಹೋಗಿತ್ತು. ನನ್ನ ಕಾಲು ನನ್ನನ್ನು ಕೇಳಲಿಲ್ಲ, ಆ ದನಿಯ ಮಾತು ಕೇಳಿತು. ಓಡಿದೆ. ಗುಡ್ಡ ಮುಗಿದ ಮೇಲೂ ಗಾಳಿಯಲ್ಲಿ ಕಾಲು ಬಡಿಯುತ್ತಾ ಓಡುತ್ತಲೇ ಇದ್ದೆ.

ಮೇಲೆ ಏನು ಕಂಡೆ ಅಂತ ಕೇಳಬೇಡಿ. ಒಂದು ಗಳಿಗೆ ಕೆಳಗೆ ತೋಟದ ಹಸಿರು, ನೆರಳಿಗೆ ನೆಟ್ಟ ಸಿಲ್ವರ್ ಮರದ ತುದಿಗಳು ಕಂಡವು. ಅಷ್ಟರಲ್ಲಿ ರೆಕ್ಕೆ ತೊಟ್ಟಿಲಿನಂತೆ ತೂಗಾಡಿತು. ಇಷ್ಟು ದಿನ ಯಾರನ್ನು ಬೈದಿದ್ದೆನೋ ಅವರಂತೆಯೇ ನನ್ನ ಎದೆಯ ಮೇಲೆ ನಾನೇ ಕಕ್ಕಿಕೊಂಡೆ. ಗದ್ದೆಯಲ್ಲಿ ಇಳಿಯಬೇಕಿದ್ದವಳು ಗಾಳಿ ಸಾಲದೆ ಅತ್ತ ವಾಲಿ, ಪಕ್ಕದ ಎಸ್ಟೇಟಿನವರು ಪಲ್ಪರ್ ಯಂತ್ರದಲ್ಲಿ ಹಣ್ಣು ಸುಲಿದು ಕಾಫಿ ಸಿಪ್ಪೆ ಸುರಿದ ಗುಡ್ಡೆಗೆ ಬಂದು ಇಳಿದೆ. ಕೊಳೆತ ಕಾಫಿ ಸಿಪ್ಪೆಯ ನಾತ ಗೊತ್ತಿದ್ದವರಿಗೆ ಗೊತ್ತು. ಹುಳಿ, ಹುಳ, ಬಿಸಿ ಕೆಸರು. ಮೊಣಕಾಲವರೆಗೆ ಹೂತುಹೋದೆ. ಆದರೆ ನಿಂತೇ ಇದ್ದೆ.

ಅವತ್ತು ನನ್ನ ಬದಲು ಜೀಪು ಕೆಳಗೆ ತಂದಿದ್ದ ಮೇಷ್ಟ್ರ ಸಹಾಯಕ ಓಡಿ ಬಂದು ಮೂಗು ಹಿಡಿದುಕೊಂಡು ವೈರ್‌ಲೆಸ್ಸಿನಲ್ಲಿ ಹೇಳಿದ, "ನಿಂತು ಇಳಿದಿದ್ದಾರೆ ಸಾರ್." ಅತ್ತಲಿಂದ ಮೇಷ್ಟ್ರ ದನಿ: "ಮುಂದಿನ ಸೀಸನ್ನಿಗೆ ಹೊಸ ಹೆಲ್ಮೆಟ್ಟು ತರಿಸೋಣ ಅನ್ನಿ ಅವರಿಗೆ." ನನ್ನದೇ ಜೀಪನ್ನು ಅವನೇ ಓಡಿಸಿದ, ನಾನು ಹಿಂದಿನ ಸೀಟಿನಲ್ಲಿ ಕೂತೆ. ಸೀಟು ಗಲೀಜಾಯಿತು. ಆಗಲಿ ಬಿಡು, ಇವತ್ತು ತೊಳೆಯೋಳು ನಾನಲ್ಲ ಅಂದುಕೊಂಡೆ.

ಮೇಲೆ ಹೋದಾಗ ಅವ್ವ ನೆಲದ ಮೇಲೆ ಕೂತಿದ್ದಳು. ಕೂತದ್ದು ಸಗಣಿಯ ಮೇಲೆ. ಮಡಿ ಮೈಲಿಗೆ ಅಂತ ದಿನವಿಡೀ ಗೊಣಗುವವಳು ಅದನ್ನು ನೋಡಿಕೊಂಡೇ ಇರಲಿಲ್ಲ. ಬುತ್ತಿಯ ಪಾತ್ರೆ ಉರುಳಿ ರೊಟ್ಟಿಗೆ ನೊಣ ಮುತ್ತಿದ್ದವು.

"ಯಾಕವ್ವ ಹಿಂಗೆ ಕೂತಿದೀಯ?"

"ನೀನು ನೆಲ ಬುಟ್ಟೇಟ್ಗೆ ನನ್ ಕಾಲು ಹೋಗ್ಬುಟ್ವು ಕಣವ್ವ. ಅಲ್ಲೇ ಕುಂತ್ಬುಟ್ಟೆ. ನಾನೇ ಓಡು ಅಂದ್ಬುಟ್ನಲ್ಲ."

ನಾನು ಹತ್ತಿರ ಹೋದೆ. "ಥೂ, ಅದೇನ್ ಗಬ್ಬು ನಾತ್ವೇ," ಅಂದಳು. ಅಂದವಳು ಮೂಗಿಗೆ ಸೆರಗು ಹಿಡಿಯಲಿಲ್ಲ. ಕೊಳೆತ ಸಿಪ್ಪೆ ಮೆತ್ತಿದ ನನ್ನ ಎರಡೂ ಕಾಲನ್ನು ಪಾದದಿಂದ ಮಂಡಿಯವರೆಗೆ ಬರಿಗೈಯಲ್ಲಿ ಒತ್ತಿ ಒತ್ತಿ, ಮೂಳೆ ಎಲ್ಲ ನೆಟ್ಟಗಿದೆಯಾ ಅಂತ ನೋಡುತ್ತಾ ಹೋದಳು.