ಮೂರು ಹತ್ತಕ್ಕೆ ನಾನು ಗೋಕಾಕದಲ್ಲಿದ್ದೆ

ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಳ್ಳುವುದು ಎಂದಿಗೂ ಸಾಧ್ಯವಿಲ್ಲ ಎಂದು ಹೇಳಿದವನು ಬೇರೆ ಯಾರೂ ಅಲ್ಲ, ನಾನೇ. ಹೇಳಿದ್ದು ನನ್ನ ಸೋದರತ್ತೆ ಬಾಳವ್ವನಿಗೆ. ಕುರಿ ಹಿಂಡಿನ ಜೊತೆ ಸಂಕೇಶ್ವರದ ಕಡೆ ಹೋಗಿದ್ದ ಗಂಡ ಅದೇ ದಿನ ಮನೆಯ ಕಟ್ಟೆಯ ಮೇಲೆ ಕೂತಿದ್ದನ್ನು ಕಂಡೆ ಎಂದು ಆಕೆ ಹೇಳಿದಾಗ ನಾನು ಎಲ್ಲರೆದುರಿಗೆ ನಕ್ಕುಬಿಟ್ಟಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಕುರಿ ಕಾಯುತ್ತ ಓದಿ, ಎರಡು ಸಲ ಗಣಿತದಲ್ಲಿ ಬಿದ್ದು ಎದ್ದು, ಎಲೆಕ್ಟ್ರಿಕಲ್ ಬಿ.ಇ. ಪಾಸಾದವನು. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ. ಸುಳ್ಳು ಯಾಕೆ ಹೇಳಲಿ.

"ಅತ್ತಿ, ನಿನ್ನ ಕಣ್ಣಿಗೆ ಪೊರಿ ಬಂದೈತಿ. ದವಾಖಾನಿಗೆ ನಡಿ," ಎಂದಿದ್ದೆ. ಆಕೆ ಸಿಟ್ಟಾಗಲಿಲ್ಲ. "ನಿನ್ನ ಪುಸ್ತಕದಾಗ ಬರದಿಲ್ಲಂದ್ರ ನಾ ಏನ್ ಮಾಡ್ಲೋ ತಮ್ಮಾ?" ಎಂದಳು.

ಈಗ ಬರೆಯುತ್ತಿರುವುದೂ ಯಾವ ಪುಸ್ತಕದಲ್ಲೂ ಇಲ್ಲದ ಸಂಗತಿಯೇ. ನೀವು ನಂಬಲೇಬೇಕೆಂದು ನಾನು ಹಟ ಮಾಡುವುದಿಲ್ಲ. ಆದರೆ ಇದರಲ್ಲಿ ನಂಬಲು ಏನೂ ತೊಂದರೆ ಇಲ್ಲದ ಒಂದು ಭಾಗವಿದೆ. ಅದು ನನ್ನ ತಪ್ಪು. ಅದನ್ನಾದರೂ ನಂಬಿ.

ಎರಡು ಸಾವಿರದ ಇಸವಿಯ ಆಸುಪಾಸು. ಬೇಸಿಗೆ ಬಂದರೆ ನಮ್ಮ ಕಡೆ ಲೈನಿನ ತುದಿಯಲ್ಲಿರುವ ಹೊಲಗಳಿಗೆ ಕರೆಂಟು ಮುಟ್ಟುವಷ್ಟರಲ್ಲಿ ಅದರ ಜೀವ ಅರ್ಧವಾಗಿರುತ್ತಿತ್ತು. ಪಂಪುಗಳು ಗುಂಯ್ ಎನ್ನುತ್ತಿದ್ದವೇ ಹೊರತು ನೀರೆತ್ತುತ್ತಿರಲಿಲ್ಲ. ದಿನಕ್ಕೊಂದು ಮೋಟಾರು ಸುಡುತ್ತಿತ್ತು. ಅದಕ್ಕೆ ಪರಿಹಾರವೆಂದು ಲಾರಿಯಂಥ ಗಾಡಿಯ ಮೇಲೆ ದೊಡ್ಡ ಡೀಸೆಲ್ ಜನರೇಟರು ಕೂರಿಸಿ, ತೊಂದರೆ ಇದ್ದ ಕಡೆ ಎಳೆದುಕೊಂಡು ಹೋಗಿ, ಲೈನಿನ ತುದಿಗೇ ಜೋಡಿಸುವ ಕೆಲಸ ಶುರುವಾಯಿತು. ವಿದ್ಯುತ್ ಸ್ಟೇಷನ್ನಿನಿಂದ ಬರುವ ಕರೆಂಟಿಗೆ ನಮ್ಮ ಗಾಡಿ ಇನ್ನೊಂದು ತುದಿಯಿಂದ ಹೆಗಲು ಕೊಡಬೇಕು. ಆ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾನು ಇಂಜಿನಿಯರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೂಡಲಗಿ ಕಡೆ ಎರಡು ತಿಂಗಳು ಗಾಡಿ ಓಡಿಸಿ, ಆಮೇಲೆ ಘೋಡಗೇರಿಯ ಆಚೆ ಕಬ್ಬಿನ ಹೊಲಗಳ ನಡುವೆ ತಂದು ನಿಲ್ಲಿಸಿದ್ದೆವು. ಜೊತೆಗೆ ಈರಪ್ಪನೆಂಬ ಆಪರೇಟರು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು.

ಗಾಡಿಯಲ್ಲಿ ಗಾಜಿನ ಮುಚ್ಚಳದ ಸಣ್ಣದೊಂದು ರಿಲೇ ಇರುತ್ತದೆ. ಸ್ಟೇಷನ್ ಕಡೆಯ ಕರೆಂಟು ಹೋದ ಕೂಡಲೇ ಅದು ನಮ್ಮ ಗಾಡಿಯನ್ನೂ ಲೈನಿನಿಂದ ಕಡಿದುಹಾಕಬೇಕು. ಇಲ್ಲವಾದರೆ ಸತ್ತಿದೆ ಎಂದು ತಿಳಿದ ತಂತಿಯಲ್ಲಿ ನಮ್ಮ ಕರೆಂಟು ಹರಿಯುತ್ತಲೇ ಇರುತ್ತದೆ. ಆದರೆ ಘೋಡಗೇರಿಯ ಲೈನು ಎಷ್ಟು ಚಂಚಲವಾಗಿತ್ತೆಂದರೆ ರಿಲೇ ದಿನಕ್ಕೆ ಹತ್ತು ಸಲ ಬಿದ್ದು ಗಾಡಿಯನ್ನು ಕಡಿದುಹಾಕುತ್ತಿತ್ತು. ಮತ್ತೆ ಎಲ್ಲ ಹೊಂದಿಸಿ ಜೋಡಿಸಲು ಹೊತ್ತು ಹಿಡಿಯುತ್ತಿತ್ತು. ಸುತ್ತಲಿನ ರೈತರು ಬಂದು ಗಾಡಿಯ ನೆರಳಿನಲ್ಲಿ ಕೂತು ಮಾತಿನಲ್ಲೇ ತಿವಿಯುತ್ತಿದ್ದರು.

"ಸಾಹೇಬ್ರ, ನಿಮ್ಮ ಗಾಡಿ ಹೊಸಾ ಸೊಸಿ ಇದ್ದಂಗ ಐತಿ ನೋಡ್ರಿ. ಯಾರರ ಕೆಮ್ಮಿದ್ರೂ ಒಳಗ ಹೋಗಿ ಬಾಗಲಾ ಹಾಕ್ಕೋತೈತಿ," ಎಂದ ಒಬ್ಬ. ಎಲ್ಲರೂ ನಕ್ಕರು. ಒಬ್ಬ ಮುದುಕ ಮಾತ್ರ ನಗಲಿಲ್ಲ. "ಅಷ್ಟ ದೊಡ್ಡ ಓದು ಓದೀರಿ, ಇದಕ್ಕೊಂದು ಔಷಧ ಗೊತ್ತಿಲ್ಲೇನ್ರಿ?" ಎಂದು ಕೇಳಿದ.

ಆ ಮಾತು ನನಗೆ ಚುಚ್ಚಿತು. ಮರುದಿನ ಬೆಳಿಗ್ಗೆ, ಈರಪ್ಪ ಸ್ನಾನಕ್ಕೆ ಹೋದಾಗ, ಚಹಾಪುಡಿಯ ಪೊಟ್ಟಣದ ರಟ್ಟನ್ನು ಮಡಚಿ ರಿಲೇಯ ಒಳಗೆ ಸಿಗಿಸಿದೆ. ಅದು ಅಲುಗಾಡದಂತಾಯಿತು. ಗಾಡಿ ನಾಲ್ಕು ದಿನ ಎಡೆಬಿಡದೆ ಓಡಿತು. ರೈತರು ಬುತ್ತಿ ತಂದುಕೊಟ್ಟರು. ಆ ಮುದುಕ ನನ್ನ ಬೆನ್ನು ತಟ್ಟಿದ. ನಾನು ರಟ್ಟಿನ ವಿಷಯ ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಡೀಸೆಲ್ ಫಿಲ್ಟರು ತರಲು ಗೋಕಾಕಕ್ಕೆ ಹೋದೆ. ಅಂಗಡಿಯಲ್ಲಿ ಬೇಕಾದ ಅಳತೆಯದು ಸಿಗಲಿಲ್ಲ. ಸಂಕೇಶ್ವರದಲ್ಲಿದ್ದ ನಮ್ಮ ಆಫೀಸಿಗೆ ತಿಳಿಸಲು ಬಸ್ ಸ್ಟ್ಯಾಂಡಿನ ಹತ್ತಿರದ ಎಸ್.ಟಿ.ಡಿ. ಬೂತಿಗೆ ಹೊಕ್ಕೆ. ಆಫೀಸಿನ ಗುಮಾಸ್ತರು ಆಚೆಯಿಂದ ಮಾತನಾಡುತ್ತಿದ್ದರು. ನಡುವೆ, ಯಾಕೋ ಗೊತ್ತಿಲ್ಲ, ಆ ರಟ್ಟು ನನ್ನ ಕಣ್ಣ ಮುಂದೆ ಬಂತು. ಎಷ್ಟು ಸ್ಪಷ್ಟವಾಗಿ ಎಂದರೆ ಅದರ ಮೇಲಿನ ಹಸಿರು ಅಕ್ಷರಗಳೂ ಕಂಡವು. ಬಲ ಅಂಗೈ ಯಾವುದೋ ಗಟ್ಟಿ ವಸ್ತುವಿಗೆ ಒತ್ತಿದಂತೆ ನೋಯಿತು. "ಹಲೋ, ಅದೀರೇನ್ರಿ?" ಎಂದು ಗುಮಾಸ್ತರು ಎರಡು ಸಲ ಕೇಳಿದರು. ಏನೋ ಹೇಳಿ ಫೋನ್ ಇಟ್ಟೆ. ಬೂತಿನವನು ಚೀಟಿ ಹರಿದುಕೊಟ್ಟ. ಅದರ ಮೇಲೆ ಮೂರು ಗಂಟೆ ಹತ್ತು ನಿಮಿಷ ಎಂದು ಅಚ್ಚಾಗಿತ್ತು.

ಎರಡು ಬಸ್ಸು ಬದಲಿಸಿ, ಕೊನೆಗೆ ನಡೆದು, ಹೊಲ ಮುಟ್ಟುವಷ್ಟರಲ್ಲಿ ಐದು ದಾಟಿತ್ತು. ಗಾಡಿ ಬಂದ್ ಆಗಿತ್ತು. ಹದಿನೈದು ಇಪ್ಪತ್ತು ಜನ ನೆರೆದಿದ್ದರು. ಅವರ ನಡುವೆ ಲೈನ್‌ಮನ್ ಭೀಮಪ್ಪ ನೆಲದ ಮೇಲೆ ಕೂತು, ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಈರಪ್ಪ ನನ್ನನ್ನು ಕಂಡವನೇ ಎದುರು ಬಂದ. "ಅಲ್ರಿ ಸಾಹೇಬ್ರ, ಬಟನ್ ಒತ್ತಿ ಹಂಗ ಹೊಂಟ ಹೋದ್ರಿ! ಒಂದ್ ಮಾತರ ಆಡಬಾರದೇನ್ರಿ? ಕಬ್ಬಿನಾಗೆಲ್ಲಾ ಹುಡಿಕಿ ಬಂದ್ವಿ ನಿಮ್ಮನ್ನ."

"ಯಾವ ಬಟನ್ ಈರಪ್ಪಾ? ನಾ ಈಗ ಬಸ್ಸಿಳದ ಬರಾಕತ್ತೇನಿ."

"ಚಾಷ್ಟಿ ಮಾಡಬ್ಯಾಡ್ರಿ. ನಾ ಡೀಸೆಲ್ ಡಬ್ಬಿ ಎತ್ತಾಕತ್ತಿದ್ದೆ. ನನ್ನ ಬಾಜೂಕಿಂದನ ಓಡಿ ಬಂದ್ರಿ, ಕೆಂಪ ಬಟನ್ ಹೊಡದ ಗಾಡಿ ಬಂದ್ ಮಾಡಿದ್ರಿ, ಕಬ್ಬಿನ ಕಡೆ ಹೋದ್ರಿ. ಈ ಅವ್ವಗೋಳೂ ನೋಡ್ಯಾರ, ಕೇಳ್ರಿ ಬೇಕಾದ್ರ."

ಹೊಲದಲ್ಲಿ ಕಳೆ ಕೀಳುತ್ತಿದ್ದ ಇಬ್ಬರು ಹೆಂಗಸರು ಹೌದೆಂದು ತಲೆಯಾಡಿಸಿದರು. ನೀಲಿ ಅಂಗಿ ಎಂದರು. ನಾನು ತೊಟ್ಟಿದ್ದೂ ನೀಲಿ ಅಂಗಿಯೇ.

ನಡೆದದ್ದು ಇಷ್ಟು. ಕಬ್ಬಿನ ಆಚೆಯ ಕಂಬದಲ್ಲಿ ತಂತಿ ಸಡಿಲಾಗಿದೆ ಎಂದು ಭೀಮಪ್ಪ ಬಂದಿದ್ದ. ಕಂಬ ಏರುವ ಮೊದಲು ಲೈನು ಬಂದ್ ಮಾಡಿಸಿ ಒಪ್ಪಿಗೆ ಪಡೆಯುವುದಕ್ಕೆ ಲೈನ್‌ಮನ್‌ಗಳು ಲೈನ್ ಕ್ಲಿಯರ್ ಎನ್ನುತ್ತಾರೆ. ಅದನ್ನು ಅವನು ಸ್ಟೇಷನ್ನಿನಿಂದ ಕ್ರಮವಾಗಿ ತೆಗೆದುಕೊಂಡಿದ್ದ. ಗಾಡಿಯವರಿಂದಲೂ ತೆಗೆದುಕೊಳ್ಳಬೇಕೆಂಬ ಹೊಸ ನಿಯಮ ಅವನಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಸಬೇಕಾದವನು ನಾನೇ; ರಿಲೇ ಇದೆಯಲ್ಲ, ಆಮೇಲೆ ಹೇಳಿದರಾಯಿತು ಎಂದು ಬಿಟ್ಟಿದ್ದೆ. ಹುಟ್ಟಿದಾಗಿನಿಂದ ಆ ಜನ ಕಂಡದ್ದು ಸ್ಟೇಷನ್ ಕಡೆಯಿಂದ ಬರುವ ಕರೆಂಟು. ಹೊಲದ ಕಡೆಯಿಂದಲೂ ಅದು ಬರಬಹುದು ಎಂಬುದು ಅವರ ಕೈಗಳಿಗೆ ಇನ್ನೂ ರೂಢಿಯಾಗಿರಲಿಲ್ಲ. ದೂರದಲ್ಲಿ ಕೇಳಿದ ಗಾಡಿಯ ಸದ್ದನ್ನು ಭೀಮಪ್ಪ ಟ್ರ್ಯಾಕ್ಟರೆಂದುಕೊಂಡಿದ್ದ. ತಂತಿಗೆ ಕೈ ಚಾಚುವ ಹೊತ್ತಿಗೆ ಆ ಸದ್ದು ಫಕ್ಕನೆ ನಿಂತಿತು. ಆಗಲೇ ಅದು ಏನೆಂದು ಅವನಿಗೆ ಹೊಳೆದದ್ದು.

"ಒಂದ್ ಗೇಣು ಉಳದಿತ್ರಿ," ಎಂದು ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಹಿಂದೆ ಸರಿದೆ.

ಗಾಡಿಯ ಹತ್ತಿರ ಹೋದೆ. ಕೆಂಪು ಬಟನ್ ಒಳಕ್ಕೆ ಒತ್ತಿದಂತೆಯೇ ಇತ್ತು. ಅದು ತಾನಾಗಿ ಒಳಗೆ ಹೋಗುವಂಥದ್ದಲ್ಲ. ಅಂಗೈಯಿಂದ ಬಲವಾಗಿ ಹೊಡೆಯಬೇಕು. ಗಾಡಿ ಓಡಿದ, ನಿಂತ ಹೊತ್ತು ಬರೆಯುವ ತನ್ನ ಪುಸ್ತಕದಲ್ಲಿ ಈರಪ್ಪ ಆಗಲೇ ಬರೆದಿದ್ದ: ಮೂರು ಹತ್ತು, ಇಂಜಿನಿಯರ್ ಸಾಹೇಬರು ಬಂದ್ ಮಾಡಿದರು. ರಿಲೇಯಲ್ಲಿ ರಟ್ಟು ಹಾಗೆಯೇ ಇತ್ತು. ಅಂದರೆ ಗಾಡಿಯನ್ನು ನಿಲ್ಲಿಸಿದ್ದು ರಿಲೇ ಅಲ್ಲ.

ಆಗ ನಾನು ಮಾಡಿದ್ದನ್ನೂ ಬರೆಯುತ್ತೇನೆ. ಎಲ್ಲರೂ ಭೀಮಪ್ಪನ ಸುತ್ತ ಇದ್ದಾಗ ರಟ್ಟನ್ನು ಕಿತ್ತು, ಕಿಸೆಯಲ್ಲಿಟ್ಟು, ಕತ್ತಲಾಗುವ ಮುಂಚೆ ಕಾಲುವೆಗೆ ಎಸೆದೆ.

ವಿಚಾರಣೆಗೆ ಬಂದ ಅಧಿಕಾರಿಗೆ ನಾನು ಆ ಹೊತ್ತಿಗೆ ಗೋಕಾಕದಲ್ಲಿದ್ದೆ ಎಂದು ಹೇಳಿದ್ದುಂಟು. ಅವರು ನಕ್ಕರು. "ಒಳ್ಳೇ ಕೆಲಸ ಮಾಡಿ ಯಾಕ ನಾಚ್ಕೋತೀರಿ?" ಎಂದರು. ಚೀಟಿ ತೋರಿಸಿದೆ. ಬೂತಿನ ಮಷೀನಿನ ಗಡಿಯಾರ ತಪ್ಪಿರಬೇಕು ಎಂದು ತಿರುಗಿಸಿ ಕೊಟ್ಟರು. ಗೋಕಾಕದ ಮಾತನ್ನು ಅವರು ನಂಬಲಿಲ್ಲ; ರಟ್ಟಿನ ಮಾತನ್ನು ಹೇಳಿದ್ದರೆ ಕೂಡಲೇ ನಂಬುತ್ತಿದ್ದರು. ಅದಕ್ಕೇ ನಾನು ಅದನ್ನು ಹೇಳಲಿಲ್ಲ. ಹೇಳಿದ್ದರೆ ನೌಕರಿ ಹೋಗುತ್ತಿತ್ತು, ಡಿಗ್ರಿ ಇದ್ದೂ ಮತ್ತೆ ಕುರಿಯ ಹಿಂದೆ ಹೋಗಬೇಕಾಗುತ್ತಿತ್ತು.

ಇಷ್ಟು ವರ್ಷಗಳಲ್ಲಿ ಎಲ್ಲ ರೀತಿಯಿಂದಲೂ ಯೋಚಿಸಿದ್ದೇನೆ. ಈರಪ್ಪನೇ ಬಟನ್ ಒತ್ತಿ ನನ್ನ ಹೆಸರು ಹೇಳಿದನೇ? ಹಾಗಿದ್ದರೆ ಆ ಹೆಂಗಸರು ಯಾರನ್ನು ಕಂಡರು? ನೀಲಿ ಅಂಗಿಯ ಯಾರೋ ದಾರಿಹೋಕನೇ? ದಾರಿಹೋಕನಿಗೆ ಆ ಬಟನ್ ಎಲ್ಲಿದೆ ಎಂದು ಹೇಗೆ ಗೊತ್ತು? ಮತ್ತೆ ನನ್ನ ಅಂಗೈ? ಲೆಕ್ಕ ಎಲ್ಲಿಗೂ ಕೂಡುವುದಿಲ್ಲ. ಆ ದಿನ ಅಲ್ಲಿಗೆ ಬಂದವನು ಯಾರೇ ಆಗಿರಲಿ, ನನಗಿಂತ ಒಳ್ಳೆಯವನು ಎಂಬುದಷ್ಟೇ ಗೊತ್ತು.

ಹದಿನೈದು ದಿನಗಳ ನಂತರ ಹುಕ್ಕೇರಿಯಲ್ಲಿ ಸಣ್ಣ ಸಮಾರಂಭ. ಸಮಯಪ್ರಜ್ಞೆ ಮೆರೆದು ಒಂದು ಜೀವ ಉಳಿಸಿದ್ದಕ್ಕೆ ಪ್ರಶಂಸಾ ಪತ್ರ. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಅಪ್ಪ ತಲೆಗೆ ಹೊಸ ಪಟಗ ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದ. ಅಧಿಕಾರಿಗಳು ಪತ್ರವನ್ನು ನನ್ನ ಕೈಗಿತ್ತರು, ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದಾಗ ಭೀಮಪ್ಪನ ಹೆಂಡತಿ ನೀಲವ್ವ ಎದುರಿಗೆ ಬಂದು ಕೈ ಮುಗಿದಳು. ಅಂದಿನಿಂದ ಗಂಡನನ್ನು ಆಕೆ ಕಂಬದ ಹತ್ತಿರ ಹೋಗಗೊಟ್ಟಿರಲಿಲ್ಲ ಎಂದು ಕೇಳಿದ್ದೆ. ಈಗಲಾದರೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆಯೇ ಮಾತು ತೆಗೆದಳು.

"ಅಣ್ಣಾರ, ಸೋಮವಾರದಿಂದ ಇವ್ರು ಮತ್ತ ಕಂಬಾ ಏರ್ತಾರ್ರಿ. ಕೆಳಗ ನೀವು ಅದೀರಿ ಅಂತ ನಾ ಬ್ಯಾಡ ಅನಲಿಲ್ಲ."